ಮುಗಿದ ಸಾಲನ್ನು ಅಳಿಸಬೇಡಿ: ಟೆಕ್ಸ್ಟ್ ಫೈಲಿನಲ್ಲಿ ಕೆಲಸದ ಲೆಕ್ಕ, ಹೊತ್ತಿನ ಲೆಕ್ಕ

"ಒಂದು ಆಮಂತ್ರಣ ಪತ್ರಿಕೆಗೆ ಇಷ್ಟು ರೇಟಾ ಮಾರಾಯ್ರೇ?"

ಉಡುಪಿ, ಮಂಗಳೂರಿನಲ್ಲಿ ಡಿಟಿಪಿ, ಅನುವಾದ, ವೆಬ್‌ಸೈಟ್, ಲೆಕ್ಕ ಬರೆಯುವುದು ಮುಂತಾದ ಕೆಲಸವನ್ನು ಮನೆಯಲ್ಲೋ ಸಣ್ಣ ಕೋಣೆಯಲ್ಲೋ ಕೂತು ಮಾಡುವವರೆಲ್ಲ ಈ ಪ್ರಶ್ನೆ ಕೇಳಿಸಿಕೊಂಡವರೇ. ಉತ್ತರ ಕೊಡಲು ನಮ್ಮ ಹತ್ತಿರ ಏನಿದೆ? ಹೆಚ್ಚಿನವರ ಹತ್ತಿರ ಅಂದಾಜು ಮಾತ್ರ. ಕಳೆದ ಸಲ ಇಂಥದ್ದೇ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ.

ಮಾಡಬೇಕಾದ ಕೆಲಸದ ಪಟ್ಟಿಯನ್ನು ತುಂಬಾ ಜನ ಬರೆಯುತ್ತಾರೆ. ಡೈರಿಯಲ್ಲಿ, ಮೊಬೈಲಿನಲ್ಲಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ. ಕೆಲಸ ಮುಗಿದ ಕೂಡಲೇ ಗೀಟು ಎಳೆಯುತ್ತೇವೆ, ಇಲ್ಲವೇ ಅಳಿಸಿಬಿಡುತ್ತೇವೆ. ಆ ಕೆಲಸದ ಬಗ್ಗೆ ಗೊತ್ತಿದ್ದದ್ದೂ ಅದರ ಜೊತೆಗೇ ಹೋಗುತ್ತದೆ. ಪಟ್ಟಿಯ ಹೆಚ್ಚಿನ ಬೆಲೆ ಇರುವುದು ಮುಗಿದ ಸಾಲುಗಳಲ್ಲೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಎರಡೇ ಸಂಗತಿ ಬರೆದಿಟ್ಟರೆ ಸಾಕು. ಕೆಲಸ ಯಾವಾಗ ಮುಗಿಯಿತು? ಅದಕ್ಕಾಗಿ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಕೂತೆವು? ದಿನದ ಮೊತ್ತ, ಗಿರಾಕಿವಾರು ಮೊತ್ತ, ಬಿಲ್ಲು, ಮುಂದಿನ ಸಲದ ರೇಟು, ಇವನ್ನೆಲ್ಲ ಅದರಿಂದ ಕೂಡಿಸಿ ತೆಗೆಯಬಹುದು.

ನಮ್ಮ ಊರಿನ ಹಳೆಯ ಅಂಗಡಿಗಳಲ್ಲಿ ಕಿರ್ದಿ ಮತ್ತು ಖಾತೆ ಎಂದು ಎರಡು ಪುಸ್ತಕ ಇರುತ್ತಿದ್ದವು. ವ್ಯವಹಾರ ನಡೆದ ಹಾಗೆ, ನಡೆದ ಕ್ರಮದಲ್ಲೇ ಬರೆಯುವುದು ಕಿರ್ದಿಯಲ್ಲಿ. ಅದನ್ನೇ ಹೆಸರುವಾರು ವಿಂಗಡಿಸಿ ಮೊತ್ತ ಹಾಕುವುದು ಖಾತೆಯಲ್ಲಿ. ಕಿರ್ದಿ ಸರಿ ಇದ್ದರೆ ಖಾತೆಯನ್ನು ಯಾವಾಗ ಬೇಕಾದರೂ ಮತ್ತೆ ಬರೆಯಬಹುದು. ಕಿರ್ದಿಯೇ ಇಲ್ಲದಿದ್ದರೆ ಖಾತೆ ಹುಟ್ಟುವುದಿಲ್ಲ. ಟೆಕ್ಸ್ಟ್ ಫೈಲಿನ ಪ್ಲಾನರ್, ಅಂದರೆ ಕೆಲಸದ ಪಟ್ಟಿಯನ್ನೂ ಹೊತ್ತನ್ನೂ ಬರೆದಿಡುವ ಫೈಲು, ಕೂಡ ಇಷ್ಟೇ. ಕಿರ್ದಿಯ ಕೆಲಸ ನಮ್ಮದು, ಖಾತೆಯ ಕೆಲಸ ಕಂಪ್ಯೂಟರಿನದು.

ಫೈಲಿನ ಒಳಗೆ ಏನಿರುತ್ತದೆ

ಟೆಕ್ಸ್ಟ್ ಫೈಲ್ ಅಂದರೆ ಬರೀ ಅಕ್ಷರ. ದಪ್ಪ ಅಕ್ಷರ, ಬಣ್ಣ, ಕೋಷ್ಟಕದ ಗೆರೆ ಯಾವುದೂ ಇಲ್ಲ. ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ, ಮೊಬೈಲಿನಲ್ಲಿ ತೆರೆಯುತ್ತದೆ, ಹತ್ತು ವರ್ಷ ಬಿಟ್ಟು ಬೇರೆ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಆ್ಯಪ್ ಮಾಡಿದ ಕಂಪನಿ ಮುಚ್ಚಿದರೂ ನಮ್ಮ ಲೆಕ್ಕ ನಮ್ಮ ಹತ್ತಿರವೇ ಇರುತ್ತದೆ. ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ. ಆ ಬರಹವನ್ನು ಯುಟಿಎಫ್-8 ರೂಪದಲ್ಲಿ ಉಳಿಸಿದರೆ ಒಂದೊಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಹಾಗಿದ್ದರೂ ವರ್ಷವಿಡೀ ಬರೆದ ಫೈಲು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಸಣ್ಣದಾಗಿಯೇ ಇರುತ್ತದೆ.

ಕನ್ನಡದಲ್ಲಿ ಬರೆಯುವವರು ಮೂರು ವಿಷಯವನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇವು ಅಷ್ಟಾಗಿ ಎದುರಾಗುವುದಿಲ್ಲ, ಹಾಗಾಗಿ ಯಾರೂ ಹೇಳಿಕೊಡುವುದೂ ಇಲ್ಲ.

ಮೊದಲನೆಯದು ಅಕ್ಷರದ ವಿಷಯ. ಡಿಟಿಪಿಯವರ ಕಂಪ್ಯೂಟರಿನಲ್ಲಿ ಇವತ್ತಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್ ಬಳಕೆಯಲ್ಲಿದೆ. ಪೇಜ್‌ಮೇಕರಿನಂಥ ಹಳೆಯ ಸಾಫ್ಟ್‌ವೇರಿಗೆ ಅದೇ ಬೇಕು. ಆದರೆ ಆ ಫಾಂಟಿನಲ್ಲಿ ಕಾಣುವ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಫೈಲಿನ ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ತೆಗೆದರೆ ಓದಲು ಬರುವುದಿಲ್ಲ, 'ಆಮಂತ್ರಣ' ಎಂದು ಹುಡುಕಿದರೆ ಸಿಗುವುದಿಲ್ಲ. ಲೆಕ್ಕದ ಫೈಲನ್ನು ಯುನಿಕೋಡಿನಲ್ಲೇ ಬರೆಯಿರಿ. ನುಡಿ, ಬರಹ ಎರಡರಲ್ಲೂ ಯುನಿಕೋಡ್ ಆಯ್ಕೆ ಇದೆ, ವಿಂಡೋಸಿನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇರುತ್ತದೆ.

ಎರಡನೆಯದು ಅಂಕಿ. ೧, ೨, ೩ ಎಂದು ಬರೆದರೆ ಓದಲು ಚಂದ. ಆದರೆ ದಿನಾಂಕ, ಗಂಟೆಗಳನ್ನು ಹುಡುಕುವ ಸಾಫ್ಟ್‌ವೇರುಗಳು ಸಾಮಾನ್ಯವಾಗಿ 0ರಿಂದ 9ರ ಅಂಕಿಯನ್ನು ಮಾತ್ರ ಗುರುತಿಸುತ್ತವೆ. ಕನ್ನಡ ಅಂಕಿಯ ಸಾಲು ಲೆಕ್ಕಕ್ಕೆ ಬರುವುದೇ ಇಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಬರುವುದಿಲ್ಲ. ದಿನಾಂಕವನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಬರೆಯಿರಿ: 2025-01-21. ಇದು 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮ. ಇದರಲ್ಲಿ ದೊಡ್ಡ ಲಾಭ ಉಂಟು. ಸಾಲುಗಳನ್ನು ಸುಮ್ನೆ ಅಕ್ಷರದ ಕ್ರಮದಲ್ಲಿ ಜೋಡಿಸಿದರೂ ದಿನಾಂಕದ ಕ್ರಮ ತಾನೇ ಬರುತ್ತದೆ. 21-01-2025 ಎಂದು ಬರೆದರೆ ಎಲ್ಲ ತಿಂಗಳ 21ನೇ ತಾರೀಕು ಒಟ್ಟಿಗೆ ಬಂದು ಕೂರುತ್ತದೆ.

ಮೂರನೆಯದು ಕಾಗುಣಿತ. ಒಂದು ದಿನ 'ಕರೆಕ್ಷನ್', ಇನ್ನೊಂದು ದಿನ 'ಕರೆಕ್ಶನ್' ಎಂದು ಬರೆದರೆ ಯಂತ್ರದ ಕಣ್ಣಿಗೆ ಅವು ಎರಡು ಬೇರೆ ಕೆಲಸ. ಮೊತ್ತ ಎರಡು ಕಡೆ ಹಂಚಿಹೋಗುತ್ತದೆ. ಫೈಲಿನ ತಲೆಯಲ್ಲೇ ನೀವು ಬಳಸುವ ಪದಗಳನ್ನು ಬರೆದಿಡಿ: ಟೈಪಿಂಗ್, ಡಿಸೈನ್, ಕರೆಕ್ಷನ್, ಪ್ರೆಸ್, ಫೋನ್. ಅಲ್ಲಿಂದ ಕಾಪಿ ಮಾಡಿ ಹಾಕಿದರೆ ಸಾಕು.

ಮುಗಿದದ್ದು ಒಂದು ಲೆಕ್ಕ, ಕೂತದ್ದು ಇನ್ನೊಂದು

ತುಂಬಾ ಜನ ಈ ಎರಡನ್ನು ಕಲಸಿಬಿಡುತ್ತಾರೆ. ಕೆಲಸ ಮುಗಿಯುವುದು ಒಂದು ಗಳಿಗೆಯಲ್ಲಿ, ಅದಕ್ಕೆ ಒಂದೇ ದಿನಾಂಕ. ಕೆಲಸ ಮಾಡುವುದಕ್ಕೆ ಆರಂಭ ಇದೆ, ಕೊನೆ ಇದೆ, ನಡುವೆ ಉದ್ದ ಇದೆ. ಒಂದು ಕೆಲಸಕ್ಕೆ ನಾಲ್ಕು ಸಲ ಕೂತು, ಎರಡು ವಾರ ಬಿಟ್ಟು ಮುಗಿಸಬಹುದು. ಹತ್ತು ಗಂಟೆ ಕೂತ ಮೇಲೆ ಕೆಲಸ ರದ್ದಾಗಬಹುದು. ಆಗ ಮುಗಿದದ್ದು ಏನೂ ಇಲ್ಲ, ಹೊತ್ತು ಮಾತ್ರ ಹೋಗಿದೆ. ಫೋನಿನಲ್ಲಿ ಒಂದು ಮಾತು ಹೇಳಿ ಮುಗಿಸಿದ ಕೆಲಸಕ್ಕೆ ಮುಗಿದ ಗುರುತು ಬೇಕು, ಹೊತ್ತಿನ ಸಾಲು ಬೇಕಾಗಿಲ್ಲ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ, ಆದರೆ ಒಂದೇ ಕೆಲಸದ ಕೆಳಗೆ ಬರೆದರೆ ಎಲ್ಲ ಸಂದರ್ಭಕ್ಕೂ ಜಾಗ ಸಿಗುತ್ತದೆ.

ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಬಂದಿದೆ ಎಂದಿಟ್ಟುಕೊಳ್ಳಿ. ಫೈಲಿನಲ್ಲಿ ಅದರ ಒಂದು ಭಾಗ ಹೀಗಿರಬಹುದು:

* ಬ್ರಹ್ಮಕಲಶ ಆಮಂತ್ರಣ
** ಆಯಿತು ಕರೆಕ್ಷನ್ 1
ಮುಗಿದದ್ದು: [2025-01-21 ಮಂಗಳ 17:00]
ಹೊತ್ತು: [2025-01-21 ಮಂಗಳ 09:40]--[2025-01-21 ಮಂಗಳ 11:00] => 1:20
ಹೊತ್ತು: [2025-01-21 ಮಂಗಳ 16:10]--[2025-01-21 ಮಂಗಳ 17:00] => 0:50
** ಬಾಕಿ ಕರೆಕ್ಷನ್ 2

ಒಂದು ನಕ್ಷತ್ರ ಇದ್ದರೆ ದೊಡ್ಡ ಕೆಲಸ, ಎರಡು ಇದ್ದರೆ ಅದರ ಒಳಗಿನ ಸಣ್ಣ ಕೆಲಸ. ಈ ವಿನ್ಯಾಸ ನನ್ನದಲ್ಲ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಖಗೋಳ ವಿಜ್ಞಾನಿ ಕಾರ್ಸ್ಟನ್ ಡಾಮಿನಿಕ್ 2003ರಲ್ಲಿ ಶುರು ಮಾಡಿದ ಆರ್ಗ್ ಮೋಡ್ ಎಂಬ ಸಾಫ್ಟ್‌ವೇರಿನ ವಿನ್ಯಾಸ ಇದು. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಬಿಡುಗಡೆ ಮಾಡಿದ ಜಿಎನ್‌ಯು ಇಮ್ಯಾಕ್ಸ್ ಎಂಬ, ಟೆಕ್ಸ್ಟ್ ಫೈಲು ಬರೆಯುವ ಉಚಿತ ಎಡಿಟರಿನ ಒಳಗೆ ಆರ್ಗ್ ಕೆಲಸ ಮಾಡುತ್ತದೆ. ಈಗ ಇಮ್ಯಾಕ್ಸ್ ಹಾಕಿಕೊಂಡರೆ ಆರ್ಗ್ ಅದರ ಜೊತೆಗೇ ಬರುತ್ತದೆ. 'ಬಾಕಿ', 'ಆಯಿತು' ಎಂಬ ಪದಗಳನ್ನು ನಾವೇ ಆರಿಸಿಕೊಳ್ಳಬಹುದು, ಕನ್ನಡದಲ್ಲಿದ್ದರೂ ನಡೆಯುತ್ತದೆ. ನಾನು ಮೇಲೆ 'ಮುಗಿದದ್ದು', 'ಹೊತ್ತು' ಎಂದು ಬರೆದ ಜಾಗದಲ್ಲಿ ಮಾತ್ರ ಆರ್ಗ್ ತನ್ನದೇ ಇಂಗ್ಲಿಷ್ ಪದಗಳನ್ನು ಹಾಕುತ್ತದೆ: ಕ್ಲೋಸ್ಡ್, ಕ್ಲಾಕ್. ಅವನ್ನು ಬದಲಿಸಿದರೆ ಅದು ಲೆಕ್ಕ ಮಾಡುವುದಿಲ್ಲ.

ಇಮ್ಯಾಕ್ಸ್ ಬೇಡ, ನೋಟ್‌ಪ್ಯಾಡ್ ಸಾಕು ಎನ್ನುವವರಿಗೆ ಇನ್ನೂ ಸರಳವಾದ ದಾರಿ ಇದೆ. ಅಮೆರಿಕದ ತಂತ್ರಜ್ಞಾನ ಲೇಖಕಿ ಜೀನಾ ಟ್ರಪಾನಿ 2006ರಲ್ಲಿ ಟುಡು ಟಿಎಕ್ಸ್‌ಟಿ ಎಂಬ ಪದ್ಧತಿ ತಂದರು. ಒಂದು ಸಾಲು, ಒಂದು ಕೆಲಸ. ಮುಗಿದರೆ ಸಾಲಿನ ಮೊದಲಿಗೆ ಇಂಗ್ಲಿಷಿನ ಸಣ್ಣ ಎಕ್ಸ್, ಆಮೇಲೆ ಮುಗಿದ ದಿನಾಂಕ, ಆಮೇಲೆ ಕೆಲಸ ಬರೆದುಕೊಂಡಿದ್ದ ದಿನಾಂಕ. ಮುಗಿದ ಸಾಲುಗಳನ್ನು ಆಗಾಗ ಇನ್ನೊಂದು ಫೈಲಿಗೆ ಸಾಗಿಸುವುದು. ಇಷ್ಟರಿಂದಲೇ ಒಂದು ಕೆಲಸ ಪಟ್ಟಿಯಲ್ಲಿ ಎಷ್ಟು ದಿನ ಕೂತಿತ್ತು ಎಂಬುದು ಗೊತ್ತಾಗುತ್ತದೆ. ಆದರೆ ಹೊತ್ತಿನ ಲೆಕ್ಕಕ್ಕೆ ಆ ಪದ್ಧತಿಯಲ್ಲಿ ಜಾಗ ಇಲ್ಲ. ಅದಕ್ಕೇ ನಾನು ಆರ್ಗ್ ಕಡೆಗೇ ವಾಲುತ್ತೇನೆ.

ಆರ್ಗ್‌ನಲ್ಲಿ ಕಂಟ್ರೋಲ್ ಒತ್ತಿ ಹಿಡಿದು ಸಿ, ಆಮೇಲೆ ಟಿ ಒತ್ತಿದರೆ 'ಬಾಕಿ' ಹೋಗಿ 'ಆಯಿತು' ಬರುತ್ತದೆ. ಮುಗಿದ ಗಳಿಗೆ ತಾನಾಗಿ ದಾಖಲಾಗಬೇಕಾದರೆ ಒಂದು ಸೆಟ್ಟಿಂಗ್ ಆನ್ ಮಾಡಬೇಕು. ಹೊಸಬರು ಇಲ್ಲೇ ಎಡವುತ್ತಾರೆ, ಯಾಕೆಂದರೆ ಮೊದಲಿಗೆ ಅದು ಆಫ್ ಆಗಿಯೇ ಇರುತ್ತದೆ. ಬೇಕಾದರೆ ದಿನಾಂಕದ ಜೊತೆಗೆ ಒಂದು ಸಾಲು ಟಿಪ್ಪಣಿ ಕೇಳುವ ಹಾಗೂ ಮಾಡಬಹುದು.

'ಬಾಕಿ', 'ಆಯಿತು' ಎರಡೇ ಇದ್ದರೆ ನಮ್ಮ ಕೆಲಸಕ್ಕೆ ಸಾಲದು. ನಾನು ಮೂರನೆಯದಾಗಿ 'ಕಾಯುತ್ತಿದೆ' ಎಂಬುದನ್ನು ಖಂಡಿತ ಹಾಕಲು ಹೇಳುತ್ತೇನೆ. ಪ್ರೂಫ್ ಕಳಿಸಿ ಆಗಿದೆ, ಚೆಂಡು ಈಗ ಗಿರಾಕಿಯ ಅಂಗಳದಲ್ಲಿದೆ. ಆರ್ಗ್‌ನಲ್ಲಿ ಈ ಸ್ಥಿತಿಗೆ ಹೋದ ಗಳಿಗೆ, ಅಲ್ಲಿಂದ ಹೊರಬಂದ ಗಳಿಗೆ ಎರಡನ್ನೂ ದಾಖಲಿಸುವಂತೆ ಮಾಡಬಹುದು. ಆಗ ಪತ್ರಿಕೆ ತಡವಾದದ್ದು ಯಾರ ಕಡೆಯಿಂದ ಎಂಬುದು ಜಗಳವಿಲ್ಲದೆ ಗೊತ್ತಾಗುತ್ತದೆ. "ಸೋಮವಾರ ಸಂಜೆ ಕಳಿಸಿದ್ದೆ, ನಿಮ್ಮಿಂದ ಉತ್ತರ ಬಂದದ್ದು ಶುಕ್ರವಾರ" ಎಂದು ಮೆತ್ತಗೆ ಹೇಳಬಹುದು. ರದ್ದಾದ ಕೆಲಸಕ್ಕೂ ಬೇರೆ ಗುರುತು ಇರಲಿ. ಅದನ್ನು 'ಆಯಿತು' ಎಂದು ಬರೆದರೆ ತಿಂಗಳ ಕೊನೆಯಲ್ಲಿ ಮುಗಿಸಿದ ಕೆಲಸದ ಪಟ್ಟಿ ಸುಳ್ಳಾಗುತ್ತದೆ.

ಮತ್ತೆ ಮತ್ತೆ ಬರುವ ಕೆಲಸದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ಎರಡು ಜಾತಿ ಇದೆ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ರಿಟರ್ನಿನ ಕೊನೆಯ ದಿನ ಮುಂದಿನ ತಿಂಗಳ 20. ನೀವು 14ಕ್ಕೇ ಮುಗಿಸಿದರೂ, ತಡವಾಗಿ 25ಕ್ಕೆ ಮುಗಿಸಿದರೂ ಮುಂದಿನ ಗಡುವು 20ನೇ ತಾರೀಕೇ. ಪ್ರಿಂಟರಿನ ಹೆಡ್ ಕ್ಲೀನ್ ಮಾಡುವುದು ಹಾಗಲ್ಲ. ಎರಡು ವಾರಕ್ಕೊಮ್ಮೆ ಮಾಡಬೇಕು ಎಂದಿದ್ದರೆ, ಕೊನೆಯ ಸಲ ಮಾಡಿದ ದಿನದಿಂದ ಎಣಿಸಬೇಕು. ಆರ್ಗ್ ಇವೆರಡಕ್ಕೂ ಬೇರೆ ಬೇರೆ ಗುರುತು ಕೊಟ್ಟಿದೆ. ಅವಧಿಯನ್ನು ಬರೆಯುವ ಮುಂಚೆ ಎರಡು ಪ್ಲಸ್ ಹಾಕಿದರೆ ತಾರೀಕು ಬದಲಾಗದೆ ಮುಂದಿನ ಗಡುವಿಗೆ ಹೋಗುತ್ತದೆ. ಚುಕ್ಕಿ ಮತ್ತು ಪ್ಲಸ್ ಹಾಕಿದರೆ ಮುಗಿಸಿದ ದಿನದಿಂದ ಎಣಿಕೆ ಶುರುವಾಗುತ್ತದೆ. ಇಂಥ ಕೆಲಸ ಮುಗಿಸಿದಾಗ ಸಾಲು 'ಆಯಿತು' ಎಂದು ನಿಲ್ಲುವುದಿಲ್ಲ. ದಿನಾಂಕ ಮುಂದೆ ಹೋಗಿ ಮತ್ತೆ 'ಬಾಕಿ' ಆಗುತ್ತದೆ, ಮುಗಿಸಿದ ಗಳಿಗೆ ಕೆಳಗೆ ಸೇರುತ್ತಾ ಹೋಗುತ್ತದೆ. ವರ್ಷದಲ್ಲಿ ಎಷ್ಟು ಸಲ ಗಡುವು ದಾಟಿತು ಎಂದು ನೋಡಲು ಆ ಒಂದು ಕೆಲಸ ತೆರೆದರೆ ಸಾಕು.

ಹೊತ್ತನ್ನು ಬರೆಯುವ ಕ್ರಮ

ಹೊತ್ತನ್ನು ಯಾವತ್ತೂ "ಎರಡು ಗಂಟೆ" ಎಂದು ಮೊತ್ತವಾಗಿ ಬರೆಯಬೇಡಿ. ಎಷ್ಟರಿಂದ ಎಷ್ಟರವರೆಗೆ ಎಂದು ಬರೆಯಿರಿ. ಮೊತ್ತವನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಆ ಎರಡು ಗಂಟೆ ಬೆಳಿಗ್ಗೆಯದೋ ರಾತ್ರಿಯದೋ, ಒಂದೇ ಸಲ ಕೂತದ್ದೋ ಐದು ತುಂಡಿನದೋ, ಬೇರೆ ಕೆಲಸದ ಮೇಲೆ ಬಿದ್ದಿದೆಯೋ ಎಂದು ಯಾರೂ ಹೇಳಲಾರರು. ಆರಂಭ ಮತ್ತು ಕೊನೆ ಇದ್ದರೆ ಇದೆಲ್ಲ ಅದರೊಳಗೇ ಇರುತ್ತದೆ.

ಇದರ ಅತಿ ಸರಳ ರೂಪವನ್ನು ಮಾಡಿದವರು ಜಾನ್ ವೀಗ್ಲಿ. ಅವರ ಟೈಮ್‌ಕ್ಲಾಕ್ ಎಂಬ ಇಮ್ಯಾಕ್ಸ್ ತಂತ್ರಾಂಶದಲ್ಲಿ ಎರಡು ಬಗೆಯ ಸಾಲೇ ಮುಖ್ಯ. ಕೆಲಸಕ್ಕೆ ಕೂತಾಗ ಇಂಗ್ಲಿಷಿನ ಐ ಅಕ್ಷರ, ದಿನಾಂಕ, ಗಂಟೆ, ಕೆಲಸದ ಹೆಸರು. ಎದ್ದಾಗ ಓ ಅಕ್ಷರ, ದಿನಾಂಕ, ಗಂಟೆ. ಒಳಗೆ ಬಂದೆ, ಹೊರಗೆ ಹೋದೆ, ಅಷ್ಟೇ. ಅವರೇ 2003ರಲ್ಲಿ ಶುರು ಮಾಡಿದ ಲೆಡ್ಜರ್ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಇದೇ ಸಾಲುಗಳನ್ನು ಓದಿ, ಕೆಲಸವಾರು ಮೊತ್ತ ಕೊಡುತ್ತದೆ. ಹಣದ ಲೆಕ್ಕ ಕೂಡಿಸುವ ಯಂತ್ರಕ್ಕೇ ಹೊತ್ತನ್ನೂ ಕೊಟ್ಟುಬಿಟ್ಟದ್ದು ತುಂಬಾ ಜಾಣತನದ ಕೆಲಸ. ಯಾಕೆಂದರೆ ಎರಡೂ ಖರ್ಚೇ ಅಲ್ವಾ?

ಆರ್ಗ್‌ನಲ್ಲಿ ಕೆಲಸದ ಸಾಲಿನ ಮೇಲೆ ನಿಂತು ಕಂಟ್ರೋಲ್ ಜೊತೆ ಸಿ, ಎಕ್ಸ್, ಐ ಒತ್ತಿದರೆ ಗಡಿಯಾರ ಶುರು. ಸಿ, ಎಕ್ಸ್, ಓ ಒತ್ತಿದರೆ ನಿಲ್ಲುತ್ತದೆ. ಒಂದು ಸಮಯಕ್ಕೆ ಒಂದೇ ಗಡಿಯಾರ ಓಡುತ್ತದೆ. ಇನ್ನೊಂದು ಕೆಲಸದ ಮೇಲೆ ಶುರು ಮಾಡಿದರೆ ಮೊದಲಿನದು ತಾನೇ ನಿಲ್ಲುತ್ತದೆ. ಗಡಿಯಾರ ಓಡುತ್ತಿರುವ ಕೆಲಸವನ್ನು 'ಆಯಿತು' ಮಾಡಿದರೂ ನಿಲ್ಲುತ್ತದೆ. ಹೀಗಾಗಿ ಬೆಳಿಗ್ಗೆಯಿಂದ ಒಂದರಿಂದ ಒಂದಕ್ಕೆ ದಾಟುತ್ತಾ ಹೋದರೆ ನಿಲ್ಲಿಸುವ ಕೆಲಸವೇ ಹೆಚ್ಚು ಬರುವುದಿಲ್ಲ.

ನೋಟ್‌ಪ್ಯಾಡಿನವರಿಗೆ ಎಫ್5 ಕೀ ಇದೆ. ವಿಂಡೋಸ್ ನೋಟ್‌ಪ್ಯಾಡಿನಲ್ಲಿ ಅದನ್ನು ಒತ್ತಿದರೆ ಆಗಿನ ಗಂಟೆ, ದಿನಾಂಕ ಬಂದು ಕೂರುತ್ತದೆ. ಕೂತಾಗ ಒಂದು ಸಲ, ಎದ್ದಾಗ ಒಂದು ಸಲ.

ಇನ್ನು ನಮ್ಮ ಊರಿನ ದಿನ ಹೇಗಿರುತ್ತದೆ ನೋಡಿ. ಹತ್ತಕ್ಕೆ ಟೈಪಿಂಗಿಗೆ ಕೂತರೆ ಹತ್ತೂವರೆಗೆ ಪಿಗ್ಮಿಯವರು ಬರುತ್ತಾರೆ. ಅವರು ಹೋದ ಮೇಲೆ ಇನ್ನೊಂದು ಗಿರಾಕಿಯ ಫೋನ್. ಅಷ್ಟರಲ್ಲಿ ಉತ್ಸವ ಸಮಿತಿಯವರೊಬ್ಬರು ವಾಟ್ಸ್‌ಆ್ಯಪಿನಲ್ಲಿ ಕೈಬರಹದ ಫೋಟೋ ಕಳಿಸಿ "ಇದೊಂದು ಹೆಸರು ಸೇರಿಸಿ" ಎನ್ನುತ್ತಾರೆ. ಇದನ್ನೆಲ್ಲ ಬರೆಯಬೇಕೇ? ನನ್ನ ಉತ್ತರ: ಐದು ನಿಮಿಷದೊಳಗಿನ ಅಡ್ಡಿಯನ್ನು ಬಿಟ್ಟುಬಿಡಿ, ಗಡಿಯಾರ ಓಡಲಿ. ಅದಕ್ಕಿಂತ ಜಾಸ್ತಿಯಾದರೆ ನಿಲ್ಲಿಸಿ. ಆದರೆ 'ಫೋನ್' ಎಂಬ ಒಂದು ಕೆಲಸವನ್ನು ಪ್ರತಿ ಗಿರಾಕಿಯ ಕೆಳಗೂ ಇಡಿ. ಫೋನಿನಲ್ಲಿ ಕಳೆದ ಹೊತ್ತು ಕೆಲಸದ ಹೊತ್ತೇ. ಅದನ್ನು ಕೆಲಸ ಎಂದು ಬರೆಯದಿರುವುದರಿಂದಲೇ ಸಂಜೆ ಹೊತ್ತಿಗೆ "ದಿನವಿಡೀ ಕೂತೆ, ಏನೂ ಆಗಲಿಲ್ಲ" ಎಂಬ ಬೇಸರ ಬರುವುದು. ಮನೆಗೆಲಸ, ಚಹಾ, ಪೇಪರ್ ಓದುವುದು ಇವಕ್ಕೆ ಗಡಿಯಾರ ಬೇಡ. ಬದುಕನ್ನೆಲ್ಲ ಅಳೆಯಲು ಹೊರಟವರು ಒಂದು ವಾರದಲ್ಲಿ ಸೋತು, ಬೇಕಾದದ್ದನ್ನೂ ಬರೆಯುವುದು ನಿಲ್ಲಿಸುತ್ತಾರೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಗಾಳಿ ಮಳೆಗೆ ಕರೆಂಟ್ ಹೋಯಿತು, ಕಂಪ್ಯೂಟರ್ ಆಫ್ ಆಯಿತು. ಫೈಲಿನಲ್ಲಿ ಆರಂಭದ ಗಂಟೆ ಇದೆ, ಕೊನೆಯದು ಇಲ್ಲ. ಆರ್ಗ್ ಈ ಅರ್ಧ ಸಾಲನ್ನು ಗುರುತಿಸುತ್ತದೆ. ಮುಂದಿನ ಸಲ ಗಡಿಯಾರ ಶುರು ಮಾಡುವಾಗ ಅದನ್ನು ಏನು ಮಾಡಲಿ ಎಂದು ಕೇಳುತ್ತದೆ. ಇಷ್ಟು ನಿಮಿಷ ಉಳಿಸಿಕೋ ಎನ್ನಬಹುದು, ಇಷ್ಟು ಕಳೆದುಬಿಡು ಎನ್ನಬಹುದು, ಇಡೀ ಸಾಲನ್ನೇ ರದ್ದು ಮಾಡಬಹುದು. ಗಡಿಯಾರ ಓಡುತ್ತಿರುವಾಗ ಹತ್ತು ನಿಮಿಷ ಕೀಲಿಮಣೆ ಮುಟ್ಟದಿದ್ದರೆ ಇದೇ ಪ್ರಶ್ನೆ ಕೇಳುವಂತೆಯೂ ಮಾಡಬಹುದು. ಊಟಕ್ಕೆ ಎದ್ದು ಗಡಿಯಾರ ಮರೆತವರಿಗೆ ಇದು ದೊಡ್ಡ ಉಪಕಾರ. ಫೈಲು ಬರೀ ಅಕ್ಷರವಾದ್ದರಿಂದ ಕೈಯಲ್ಲೇ ತಿದ್ದಿದರೂ ಸರಿ. ಆರ್ಗ್‌ನಲ್ಲಿ ಗಂಟೆ ತಿದ್ದಿ ಅದೇ ಸಾಲಿನ ಮೇಲೆ ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಕೊನೆಯ ಮೊತ್ತ ಹೊಸದಾಗಿ ಲೆಕ್ಕವಾಗುತ್ತದೆ.

ರಾತ್ರಿ 11ಕ್ಕೆ ಕೂತು 1ಕ್ಕೆ ಎದ್ದರೆ? ಆರಂಭ, ಕೊನೆ ಎರಡರಲ್ಲೂ ಪೂರ್ತಿ ದಿನಾಂಕ ಇರುವುದು ಇದಕ್ಕೇ. ದಿನವಾರು ಮೊತ್ತ ಕೇಳಿದರೆ ಆರ್ಗ್ ಆ ಸಾಲನ್ನು ಮಧ್ಯರಾತ್ರಿಗೆ ಕತ್ತರಿಸಿ, ಒಂದು ಗಂಟೆಯನ್ನು ಹಿಂದಿನ ದಿನಕ್ಕೆ, ಒಂದು ಗಂಟೆಯನ್ನು ಮರುದಿನಕ್ಕೆ ಹಾಕುತ್ತದೆ.

ಕೂಡಿಸುವಾಗ

ನಾವು ಆಮಂತ್ರಣ ಪತ್ರಿಕೆಗೆ ವಾಪಸ್ ಬರೋಣ. ಉದಾಹರಣೆಗೆಂದು ಅದರ ಎಲ್ಲ ಸಾಲು ಸೇರಿ ಹೀಗಾಯಿತು ಎಂದುಕೊಳ್ಳಿ:

ಟೈಪಿಂಗ್ 1:15
ಡಿಸೈನ್ 2:30
ಕರೆಕ್ಷನ್ 1 2:10
ಕರೆಕ್ಷನ್ 2 1:20
ಕರೆಕ್ಷನ್ 3 1:10
ಒಟ್ಟು 8:25

ಆರ್ಗ್‌ನಲ್ಲಿ ಇದನ್ನು ಕ್ಲಾಕ್ ಟೇಬಲ್ ಎನ್ನುತ್ತಾರೆ. ಫೈಲಿನಲ್ಲಿ ಎಲ್ಲಿ ಬೇಕೋ ಅಲ್ಲಿ ಒಂದು ಚೌಕಟ್ಟು ಹಾಕಿಟ್ಟರೆ, ಕೇಳಿದಾಗೆಲ್ಲ ಹೊತ್ತಿನ ಸಾಲುಗಳನ್ನು ಹುಡುಕಿ ಹೊಸ ಕೋಷ್ಟಕ ಬರೆದುಕೊಡುತ್ತದೆ. ಎರಡು ನಕ್ಷತ್ರದ ಕೆಲಸಗಳ ಮೊತ್ತ ಅವುಗಳ ಮೇಲಿರುವ ಒಂದು ನಕ್ಷತ್ರದ ಕೆಲಸಕ್ಕೆ ಸೇರುತ್ತದೆ. ಈ ವಾರದ್ದು ಮಾತ್ರ, ಈ ತಿಂಗಳದ್ದು ಮಾತ್ರ ಎಂದೂ ಕೇಳಬಹುದು. ಅಜೆಂಡಾ ಎಂಬ ದಿನದ ನೋಟದಲ್ಲಿ ಇಂಗ್ಲಿಷಿನ ಎಲ್ ಕೀ ಒತ್ತಿದರೆ ಅವತ್ತು ಮುಗಿಸಿದ್ದು, ಕೂತದ್ದು ಎಲ್ಲವೂ ಗಂಟೆಯ ಕ್ರಮದಲ್ಲಿ ಕಾಣುತ್ತದೆ. ಎರಡು ಸಾಲು ಒಂದರ ಮೇಲೊಂದು ಬಿದ್ದಿದ್ದರೆ, ನಡುವೆ ದೊಡ್ಡ ಖಾಲಿ ಜಾಗ ಇದ್ದರೆ ಅದನ್ನೂ ತೋರಿಸುವ ಒಂದು ನೋಟ ಇದೆ. ಬಿಲ್ಲು ಬರೆಯುವ ಮುಂಚೆ ಅದನ್ನು ಒಮ್ಮೆ ನೋಡುವುದು ಒಳ್ಳೆಯದು.

ಕೈಯಲ್ಲಿ ಕೂಡಿಸುವವರು ಒಂದು ಕಡೆ ಎಚ್ಚರ ಇಡಬೇಕು. 1:20ಕ್ಕೆ 0:50 ಸೇರಿಸಿದರೆ 2:10. ಕ್ಯಾಲ್ಕುಲೇಟರಿನಲ್ಲಿ 1.20ಕ್ಕೆ 0.50 ಸೇರಿಸಿದರೆ 1.70. ಗಂಟೆಗೆ 60 ನಿಮಿಷ, ರೂಪಾಯಿಗೆ 100 ಪೈಸೆ. ಬಿಲ್ಲಿನಲ್ಲೂ ಇದೇ ಹೊಂಡ. ಗಂಟೆಗೆ 400 ರೂಪಾಯಿ ರೇಟು ಎಂದಾದರೆ, 8 ಗಂಟೆ 25 ನಿಮಿಷಕ್ಕೆ 8.25ರಿಂದ ಗುಣಿಸಿದರೆ 3,300 ಬರುತ್ತದೆ. ಅದು ತಪ್ಪು. 25 ನಿಮಿಷವನ್ನು 60ರಿಂದ ಭಾಗಿಸಿದರೆ ಸುಮಾರು 0.42 ಗಂಟೆ. ಸರಿಯಾದ ಮೊತ್ತ ಸುಮಾರು 3,367. ಇದೊಂದರಲ್ಲಿ ವ್ಯತ್ಯಾಸ ಸಣ್ಣದು, ಆದರೆ ಪ್ರತಿ ಬಿಲ್ಲಿನಲ್ಲೂ ಅದು ನಮ್ಮ ಕೈಯಿಂದಲೇ ಹೋಗುವಂಥದ್ದು. 8:45 ಇದ್ದದ್ದನ್ನು 8.45 ಎಂದು ಗುಣಿಸಿದರೆ 120 ರೂಪಾಯಿ ಹೋಯಿತು. ಹೊತ್ತನ್ನು ಬರೆಯುವಾಗ ನಡುವೆ ಯಾವಾಗಲೂ ಎರಡು ಚುಕ್ಕಿ (:) ಹಾಕಿ. ಒಂದು ಚುಕ್ಕಿ ಕಂಡರೆ ಅದು ಭಾಗಿಸಿ ಆದ ಸಂಖ್ಯೆ ಎಂದು ನಿಮಗೇ ಗೊತ್ತಿರುತ್ತದೆ.

ಈಗ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಟೈಪಿಂಗ್, ಡಿಸೈನ್ ಸೇರಿ 3:45. ಮೂರು ಕರೆಕ್ಷನ್ ಸೇರಿ 4:40. ಕರಾವಳಿಯಲ್ಲಿ ಆಮಂತ್ರಣ ಪತ್ರಿಕೆ ಮಾಡಿದವರಿಗೆ ಇದು ಆಶ್ಚರ್ಯ ತರುವುದಿಲ್ಲ. ತಂತ್ರಿಗಳು, ಆಡಳಿತ ಮೊಕ್ತೇಸರರು, ಜೀರ್ಣೋದ್ಧಾರ ಸಮಿತಿ, ಮಹಿಳಾ ಸಮಿತಿ, ಹೊರೆಕಾಣಿಕೆ ಸಮಿತಿ, ಅನ್ನಸಂತರ್ಪಣೆ ಸಮಿತಿ. ಪ್ರತಿ ಹೆಸರಿಗೂ ಇನಿಶಿಯಲ್, ಊರು, ಮನೆತನ. ಒಂದು ಹೆಸರು ಬಿಟ್ಟುಹೋದರೆ ಒಬ್ಬರಿಗೆ ಬೇಸರ, ಹೆಸರಿನ ಕ್ರಮ ತಪ್ಪಿದರೆ ಇನ್ನೊಬ್ಬರಿಗೆ. ಇದೆಲ್ಲ ನ್ಯಾಯವಾದ ಕಾಳಜಿಯೇ, ಸಮಿತಿಯವರು ಊರವರಿಗೆ ಉತ್ತರ ಹೇಳಬೇಕು. ಆದರೆ ಆ ಕಾಳಜಿಯ ಹೊತ್ತು ಯಾರ ಬಿಲ್ಲಿನಲ್ಲೂ ಇರುವುದಿಲ್ಲ. ನಾವು ರೇಟು ಹೇಳುವುದು ಪುಟಕ್ಕೆ ಇಷ್ಟು ಎಂದು, ಡಿಸೈನಿನ ಹೊತ್ತನ್ನು ನೆನಪಿಟ್ಟುಕೊಂಡು. ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಗುವುದು ಹೆಸರು ತಿದ್ದುವುದರಲ್ಲಿ.

ಕರೆಕ್ಷನ್ ಎಂಬುದನ್ನು ಬೇರೆ ಕೆಲಸವಾಗಿ ಬರೆದದ್ದರಿಂದ ಮಾತ್ರ ಇದು ಕಂಡದ್ದು. ಎಲ್ಲವನ್ನೂ 'ಆಮಂತ್ರಣ' ಎಂಬ ಒಂದೇ ಸಾಲಿನ ಕೆಳಗೆ ಹಾಕಿದ್ದರೆ 8:25 ಎಂಬ ಮೊತ್ತ ಸಿಗುತ್ತಿತ್ತು, ಕಾರಣ ಸಿಗುತ್ತಿರಲಿಲ್ಲ. ಹಾಗೆಂದು ತೀರಾ ಸಣ್ಣದಾಗಿಯೂ ಒಡೆಯಬೇಡಿ. ಬೇರೆ ರೇಟು ಹೇಳುವಷ್ಟು, ಅಥವಾ ಬೇರೆಯವರಿಗೆ ವಹಿಸುವಷ್ಟು ಬೇರೆಯಾಗಿರುವ ಭಾಗಕ್ಕೆ ಮಾತ್ರ ಬೇರೆ ಸಾಲು. ನನ್ನ ಅಳತೆ ಇದು. ಟೈಪಿಂಗನ್ನು ಬೇರೆಯವರಿಗೆ ಕೊಡಬಹುದು, ಹಾಗಾಗಿ ಅದಕ್ಕೊಂದು ಸಾಲು. ಫಾಂಟ್ ಆರಿಸುವುದಕ್ಕೆ ಬೇಡ.

ಈ ಲೆಕ್ಕ ಕೈಯಲ್ಲಿದ್ದರೆ ಮಾತಿನ ದಾರಿ ಬದಲಾಗುತ್ತದೆ. "ಎರಡು ಕರೆಕ್ಷನ್ ಇದೇ ರೇಟಿನಲ್ಲಿ ಬರ್ತದೆ, ಮೂರನೆಯದರಿಂದ ಬೇರೆ" ಎಂದು ಮೊದಲೇ ಹೇಳಬಹುದು. "ಹೆಸರಿನ ಪಟ್ಟಿಯನ್ನು ಕೈಬರಹದ ಫೋಟೋ ಬದಲು ಯುನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿದರೆ ರೇಟು ಕಡಿಮೆ ಆಗ್ತದೆ" ಎಂದೂ ಹೇಳಬಹುದು, ಯಾಕೆಂದರೆ ಅದರಿಂದ ಎಷ್ಟು ಹೊತ್ತು ಉಳಿಯುತ್ತದೆ ಎಂದು ಹಿಂದಿನ ಸಾಲುಗಳಲ್ಲಿ ಇದೆ. ಕೇಳಿದವರಿಗೂ ಸಮಾಧಾನ. ಅಂದಾಜಿನ ಮೇಲೆ ಚೌಕಾಸಿ ನಡೆಯುತ್ತದೆ, ದಿನಾಂಕ ಹಾಕಿದ ಸಾಲಿನ ಮೇಲೆ ಅಷ್ಟು ನಡೆಯುವುದಿಲ್ಲ.

ಕೆಲಸ ಹಿಡಿಯುವಾಗಲೇ ಅಂದಾಜನ್ನೂ ಬರೆದಿಟ್ಟರೆ ಇನ್ನೂ ಒಳ್ಳೆಯದು. ಆರ್ಗ್‌ನಲ್ಲಿ ಅದಕ್ಕೆ ಎಫರ್ಟ್ ಎಂಬ ಜಾಗ ಇದೆ. ಡಿಸೈನಿಗೆ 2:00 ಎಂದು ಬರೆದಿಟ್ಟರೆ ಗಡಿಯಾರ ಓಡುವಾಗ ಪರದೆಯ ಕೆಳಗಿನ ಪಟ್ಟಿಯಲ್ಲಿ ಕಳೆದ ಹೊತ್ತು ಮತ್ತು ಅಂದಾಜು ಅಕ್ಕಪಕ್ಕ ಕಾಣುತ್ತದೆ, ಅಂದಾಜು ಮೀರಿದರೆ ಎಚ್ಚರಿಸುತ್ತದೆ. ಅಂದಾಜನ್ನು ಆಮೇಲೆ ತಿದ್ದಬೇಡಿ. ಮೊದಲು ಏನೆಂದುಕೊಂಡಿದ್ದೆವು ಎಂಬುದಕ್ಕೂ ಬೆಲೆ ಇದೆ. ಯಾವ ಬಗೆಯ ಕೆಲಸದಲ್ಲಿ ನಮ್ಮ ಅಂದಾಜು ಸೋಲುತ್ತದೆ ಎಂದು ಅದರಿಂದಲೇ ತಿಳಿಯುವುದು.

ತಿಂಗಳುವಾರು ನೋಡಿದರೆ ಊರಿನ ಸೀಸನ್ ಕೂಡ ಫೈಲಿನಲ್ಲಿ ಕಾಣುತ್ತದೆ. ನವೆಂಬರ್‌ನಿಂದ ಮೇ ತನಕ ಯಕ್ಷಗಾನ ಮೇಳಗಳ ತಿರುಗಾಟ, ದೈವಗಳ ನೇಮ, ಜಾತ್ರೆ, ಮದುವೆ. ಬ್ಯಾನರ್, ಕರಪತ್ರ, ಕಾರ್ಡು ಒಂದರ ಹಿಂದೆ ಒಂದು. ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ತುಳುನಾಡಿನ ಉತ್ಸವದ ಸೀಸನ್ ಮುಗಿಯುವ ದಿನ, ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮಗಳು ನಿಲ್ಲುತ್ತವೆ, ಕೆಲಸ ತಗ್ಗುತ್ತದೆ. ಹೆಚ್ಚು ಹೊತ್ತು ಬೇಡುವ ಅನುವಾದ, ಪುಸ್ತಕದ ಪುಟವಿನ್ಯಾಸದಂಥ ಕೆಲಸಕ್ಕೆ ಜೂನ್ ನಂತರದ ಗಡುವು ಕೇಳುವುದು ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸಬಹುದು. ಜನವರಿಯಲ್ಲಿ ವಾರಕ್ಕೆ ನಿಜವಾಗಿ ಎಷ್ಟು ಗಂಟೆ ಬಿಡುವಿತ್ತು ಎಂಬ ಸಂಖ್ಯೆ ಎದುರಿಗಿದ್ದರೆ ಅದನ್ನು ಧೈರ್ಯವಾಗಿ ಕೇಳಬಹುದು.

ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಇದು ನಿಮ್ಮ ಸ್ವಂತ ಫೈಲಾಗಿರಲಿ. ಮೇಲಿನವರು ನೋಡುತ್ತಾರೆ ಎಂದು ಬರೆದ ಹೊತ್ತು ಯಾವಾಗಲೂ ಸ್ವಲ್ಪ ಹಿಗ್ಗುತ್ತದೆ, ಸುಂದರವಾಗುತ್ತದೆ. ಆಗ ಅದು ನಿಮಗೂ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ಕೊಡಬೇಕಾದರೆ ಮೊತ್ತದ ಪಟ್ಟಿ ಕೊಡಿ. ಗಿರಾಕಿಗಳ ಹೆಸರು, ಅವರ ಕೆಲಸದ ವಿವರ ಫೈಲಿನಲ್ಲಿರುವುದರಿಂದ ಪಾಸ್‌ವರ್ಡ್ ಇಲ್ಲದ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತಿರುಗಬೇಡಿ. ಬ್ಯಾಕಪ್ ಮಾತ್ರ ದಿನವೂ ಬೇಕು.

ಮರೆತ ಸಾಲನ್ನು ಹೇಗೆ ತುಂಬುವುದು ಎಂದು ಕೇಳುತ್ತಾರೆ. ಅದೇ ದಿನ ಸಂಜೆಯೊಳಗೆ ಆದರೆ ಕಳಿಸಿದ ಮೇಲ್, ವಾಟ್ಸ್‌ಆ್ಯಪ್, ಫೈಲ್ ಸೇವ್ ಆದ ಗಂಟೆ ನೋಡಿ ತುಂಬಬಹುದು. ಕೊನೆಯಲ್ಲಿ 'ಅಂದಾಜು' ಎಂದು ಬರೆದಿಡಿ. ಎರಡು ದಿನ ಕಳೆದಿದ್ದರೆ ಖಾಲಿ ಬಿಡುವುದೇ ವಾಸಿ. ಊಹಿಸಿ ತುಂಬಿದ ಸಾಲು ಪಕ್ಕದ ನಿಜವಾದ ಸಾಲುಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಫೈಲು ಉದ್ದವಾಗುತ್ತಾ ಹೋದರೆ ಮುಗಿದ ಕೆಲಸಗಳನ್ನು ಬೇರೆ ಫೈಲಿಗೆ ಸಾಗಿಸಿ. ಆರ್ಗ್‌ನಲ್ಲಿ ಇದಕ್ಕೆ ಆರ್ಕೈವ್ ಎಂಬ ಆಜ್ಞೆ ಇದೆ. ಕೆಲಸ, ಅದರ ಹೊತ್ತಿನ ಸಾಲುಗಳು ಎಲ್ಲವೂ ಒಟ್ಟಿಗೆ ಹೋಗುತ್ತವೆ, ಯಾವ ಫೈಲಿನಿಂದ ಯಾವಾಗ ಬಂದದ್ದು ಎಂಬುದೂ ದಾಖಲಾಗುತ್ತದೆ. ತಿಂಗಳ ಮಧ್ಯದಲ್ಲಿ ಸಾಗಿಸಿದರೆ ಆ ತಿಂಗಳ ಮೊತ್ತ ಎರಡು ಫೈಲಿಗೆ ಹಂಚಿಹೋಗುತ್ತದೆ. ಕ್ಲಾಕ್ ಟೇಬಲಿಗೆ ಆರ್ಕೈವ್ ಫೈಲನ್ನೂ ಸೇರಿಸಿ ಎಣಿಸು ಎಂದು ಹೇಳಬಹುದು, ಆದರೆ ಬಿಲ್ಲು ಬರೆದು ಹಣ ಬಂದ ಮೇಲೆಯೇ ಸಾಗಿಸುವುದು ಸುಲಭದ ದಾರಿ. ವರ್ಷಕ್ಕೊಂದು ಫೈಲು ಎಂದಾದರೆ ಮಾರ್ಚ್ 31ಕ್ಕೆ ಮುಚ್ಚಿ ಏಪ್ರಿಲ್ 1ಕ್ಕೆ ಹೊಸದು ತೆರೆಯಿರಿ, ಆದಾಯ ತೆರಿಗೆಯ ಲೆಕ್ಕಕ್ಕೂ ಅದೇ ವರ್ಷ. ಅರ್ಧಕ್ಕೆ ನಿಂತ ಕೆಲಸಗಳನ್ನು ಹೊಸ ಫೈಲಿಗೆ ತರುವಾಗ ಅವುಗಳ ಹಳೆಯ ಹೊತ್ತಿನ ಸಾಲುಗಳನ್ನೂ ಜೊತೆಗೇ ತನ್ನಿ.